ಸಂತೆಯಲ್ಲಿ ಸಿಕ್ಕ ಕರೆಂಟ್ ಪೆಟ್ಟಿಗೆ: ಹಳೆಯ ಕಾಲದ ವಿದ್ಯುತ್ ಚಿಕಿತ್ಸೆಯ ಉಪಕರಣಗಳ ಬಗ್ಗೆ ತಿಳಿದವರು ಹೇಳಿ

ಹಾಸನದ ಹುಡುಗ, ಲೀಡ್ಸ್

ಎಲ್ಲರಿಗೂ ನಮಸ್ಕಾರ. ನಾನು ಈಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಕಳೆದ ಭಾನುವಾರ ಇಲ್ಲಿನ ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಜನ ಮನೆಯ ಹಳೇ ವಸ್ತುಗಳನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಂದು ಬಯಲಲ್ಲಿ ಹರಡಿ ಮಾರುತ್ತಾರೆ. ಅಲ್ಲಿ ಒಂದು ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಮುಚ್ಚಳ ತೆಗೆದರೆ ಒಳಗೆ ಕುದುರೆ ಲಾಳದ ಆಕಾರದ ದಪ್ಪ ಅಯಸ್ಕಾಂತ. ಅದರ ತುದಿಯಲ್ಲಿ ತಂತಿ ಸುತ್ತಿದ ಎರಡು ಉರುಳೆ, ಒಂದು ಹಿತ್ತಾಳೆ ಚಕ್ರ. ತಿರುಗಿಸಲು ಹೊರಗೆ ಹಿಡಿಕೆ. ಜೊತೆಗೆ ಕೈಯಲ್ಲಿ ಹಿಡಿಯುವಂಥ ಎರಡು ಹಿತ್ತಾಳೆ ಕೊಳವೆಗಳು. ಮುಚ್ಚಳದ ಒಳಗೆ ಅಂಟಿಸಿದ ಚೀಟಿಯಲ್ಲಿ 'ನರಗಳ ಕಾಯಿಲೆಗೆ ಸುಧಾರಿತ ಮ್ಯಾಗ್ನೆಟೋ ಎಲೆಕ್ಟ್ರಿಕ್ ಯಂತ್ರ' ಎಂಬ ಅರ್ಥದ ಇಂಗ್ಲಿಷ್ ಬರಹ.

ತಕ್ಷಣ ಅಪ್ಪ ನೆನಪಾದರು. 6 ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದಮೇಲೆ ಒಬ್ಬೊಬ್ಬರು ಒಂದೊಂದು ಹೇಳಿದರು. ಪಾರಿವಾಳದ ರಕ್ತ ಹಚ್ಚಿ ಅಂದವರೂ ಇದ್ದರು. ಕೊನೆಗೆ ಒಂದು ಕಡೆ ಮೂರು ತಿಂಗಳು ದಿನಾ 'ಕರೆಂಟ್ ಕೊಡಿಸಿದೆವು'. ಕರೆಂಟ್ ಇಟ್ಟಾಗ ಅಪ್ಪನ ಬೆರಳು ಕುಣಿಯುತ್ತಿತ್ತು. ಅಮ್ಮ ಅದನ್ನು ನೋಡಿ ಕೈಮುಗಿಯುತ್ತಿದ್ದರು. ತೆಗೆದರೆ ಮತ್ತೆ ಸುಮ್ಮನೆ ಬಿದ್ದಿರುತ್ತಿತ್ತು.

ಈ ಪೆಟ್ಟಿಗೆ ಯಾವ ಕಾಲದ್ದು, ಹೇಗೆ ಕೆಲಸ ಮಾಡುತ್ತದೆ, ಯಾರಿಗಾದರೂ ಇದರಿಂದ ನಿಜವಾಗಿ ವಾಸಿ ಆಗಿತ್ತಾ? ತಿರುಗಿಸಿ ನೋಡಬಹುದಾ? ತಿಳಿದವರು ಹೇಳಿ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಒಳ್ಳೆಯ ವಸ್ತು ಸಿಕ್ಕಿದೆ ನಿಮಗೆ. ಮೊದಲು ಒಂದು ಮಾತು. ಹಿತ್ತಾಳೆ ಕಂಡ ಕೂಡಲೇ ನಮಗೆಲ್ಲ ಹುಣಸೆಹಣ್ಣು ನೆನಪಾಗುತ್ತದೆ. ದಯವಿಟ್ಟು ತಿಕ್ಕಬೇಡಿ. ಆ ಮಂಕು ಬಣ್ಣವೂ ಅದರ ವಯಸ್ಸಿನ ಗುರುತು. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು.

ಎರಡನೆಯದು, ಎರಡೂ ಕೈಯಲ್ಲಿ ಒಂದೊಂದು ಕೊಳವೆ ಹಿಡಿದು ತಿರುಗಿಸಬೇಡಿ. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಕರೆಂಟ್ ಎದೆಯನ್ನು ಹಾದು ಹೋಗುತ್ತದೆ. ಮನೆಗೆ ಬಂದವರಲ್ಲಿ ಎದೆಬಡಿತ ಸರಿಯಿಡುವ ಪೇಸ್‌ಮೇಕರ್ ಹಾಕಿಸಿಕೊಂಡವರು ಇದ್ದರೆ ಹತ್ತಿರವೂ ತರಬೇಡಿ.

ಇನ್ನು ಯಂತ್ರದ ವಿಷಯ. 1831ರಲ್ಲಿ ಮೈಕೆಲ್ ಫ್ಯಾರಡೆ ಅಯಸ್ಕಾಂತದಿಂದ ಕರೆಂಟ್ ಹುಟ್ಟಿಸುವುದನ್ನು ತೋರಿಸಿದರು. ಮಾರನೇ ವರ್ಷವೇ ಪ್ಯಾರಿಸ್‌ನಲ್ಲಿ ಇಪೋಲಿಟ್ ಪಿಕ್ಸಿ ಎಂಬ ಉಪಕರಣ ತಯಾರಕರು ಕೈಯಿಂದ ತಿರುಗಿಸುವ ಯಂತ್ರ ಮಾಡಿದರು. ವೈದ್ಯರು ಅದನ್ನು ಬೇಗ ಹಿಡಿದುಕೊಂಡರು. ನಿಮ್ಮ ಪೆಟ್ಟಿಗೆಯ ಮಾದರಿ ಅಮೆರಿಕದ್ದು. 1854ರಲ್ಲಿ ಪೇಟೆಂಟ್ ಪಡೆದು 'ಡೇವಿಸ್ ಮತ್ತು ಕಿಡ್ಡರ್' ಹೆಸರಿನಲ್ಲಿ ಮಾರಾಟವಾಯಿತು. ಆಮೇಲೆ ಇಂಗ್ಲೆಂಡಿನಲ್ಲೂ ಅದೇ ಥರದವು ಬೇಕಾದಷ್ಟು ಬಂದವು.

ಒಳಗಿನ ಕೆಲಸ ಹೀಗಿದೆ. ಹಿಡಿಕೆ ತಿರುಗಿಸಿದರೆ ಆ ಎರಡು ತಂತಿ ಉರುಳೆಗಳು ಅಯಸ್ಕಾಂತದ ಮುಂದೆ ಜೋರಾಗಿ ತಿರುಗುತ್ತವೆ. ಅವುಗಳಲ್ಲಿ ಕರೆಂಟ್ ಹುಟ್ಟುತ್ತದೆ. ಅಷ್ಟೇ ಆಗಿದ್ದರೆ ಚರ್ಮಕ್ಕೆ ಏನೂ ಗೊತ್ತಾಗುವುದಿಲ್ಲ. ಅಚ್ಚಿನ ಮೇಲೆ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ, ಹುಡುಕಿ. ಅದು ಸುತ್ತು ಸುತ್ತಿಗೂ ಸರ್ಕ್ಯೂಟನ್ನು ಕೂಡಿಸಿ ಬಿಡಿಸುತ್ತದೆ. ಬಿಡಿಸಿದ ಆ ಕ್ಷಣದಲ್ಲಿ ವೋಲ್ಟೇಜ್ ತಟ್ಟನೆ ಏರುತ್ತದೆ. ಹಳೇ ಟ್ಯೂಬ್‌ಲೈಟಿನಲ್ಲಿ ಸ್ಟಾರ್ಟರ್ ಮಿನುಗಿ ಬಿಟ್ಟಾಗ ಚೋಕ್ ಒಂದು ಒದೆತ ಕೊಟ್ಟು ಟ್ಯೂಬ್ ಹೊತ್ತಿಸುತ್ತದಲ್ವಾ, ಅದೇ ಉಪಾಯ. ಆ ಒದೆತವೇ ಕೈಗೆ ಜುಮ್ ಅನ್ನಿಸುವುದು.

ಪೆಟ್ಟಿಗೆಯ ಬದಿಯಲ್ಲಿ ಒಂದು ಗುಂಡಿ ಇದೆಯಾ ನೋಡಿ. ಅದು ಕರೆಂಟಿನ ಜೋರು ಹೆಚ್ಚು ಕಡಿಮೆ ಮಾಡಲು.

ಹಾಸನದ ಹುಡುಗ, ಲೀಡ್ಸ್

ಧನ್ಯವಾದ ಮೇಷ್ಟ್ರೇ. ಗುಂಡಿ ಇದೆ. ಸ್ಪ್ರಿಂಗ್ ಪಟ್ಟಿಯೂ ಇದೆ. ಚೀಟಿಯನ್ನು ಫೋನಿನಲ್ಲಿ ದೊಡ್ಡದು ಮಾಡಿ ಓದಿದೆ. ಅದರ ಸಾರ ಬರೆಯುತ್ತೇನೆ. ತಂತಿಗಳನ್ನು ಪೆಟ್ಟಿಗೆಗೆ ಸಿಕ್ಕಿಸಿ, ಕೊಳವೆಗಳನ್ನು ದೇಹದಲ್ಲಿ ಎಲ್ಲಿ ಕರೆಂಟ್ ಹಾಯಿಸಬೇಕೋ ಅಲ್ಲಿ ಇಡಬೇಕು. ತಿರುಗಿಸುವ ವೇಗದಿಂದ ಮತ್ತು ಗುಂಡಿಯಿಂದ ಜೋರನ್ನು ಹೊಂದಿಸಬೇಕು. ರೋಗಿಗೆ ಎಷ್ಟು ಹಿತವೋ ಅಷ್ಟು ಮಾತ್ರ ಏರಿಸಬೇಕು. ಕೊಳವೆಯ ಬಾಯಿಗೆ ಒದ್ದೆ ಸ್ಪಂಜು ಇಟ್ಟರೆ ಚುಚ್ಚಿದಂತೆ ಆಗುವುದಿಲ್ಲ. ಹಲ್ಲುನೋವಿಗೂ ಒಂದು ವಿಧಾನ ಕೊಟ್ಟಿದ್ದಾರೆ. ಒಂದು ಕೊಳವೆ ರೋಗಿಯ ಕೈಯಲ್ಲಿ, ಇನ್ನೊಂದು ಚಿಕಿತ್ಸೆ ಮಾಡುವವನ ಕೈಯಲ್ಲಿ. ಅವನು ತನ್ನ ಬೆರಳನ್ನೇ ರೋಗಿಯ ನೋವಿನ ಜಾಗಕ್ಕೆ ಇಡಬೇಕಂತೆ. ಅಂದರೆ ಕರೆಂಟ್ ಇಬ್ಬರ ಮೈಯಲ್ಲೂ ಹರಿಯುತ್ತದೆ!

'ರೋಗಿಗೆ ಎಷ್ಟು ಹಿತವೋ ಅಷ್ಟು ಮಾತ್ರ' ಎಂಬ ಸಾಲು ನನಗೆ ಬಹಳ ಹಿಡಿಸಿತು. ಅಪ್ಪನಿಗೆ ಕರೆಂಟ್ ಕೊಡುತ್ತಿದ್ದ ಕಡೆ ಯಾರೂ ಹಾಗೆ ಕೇಳಿದ್ದು ನೆನಪಿಲ್ಲ.

ಫಿಸಿಯೋ, ದಾವಣಗೆರೆ

ಅಣ್ಣಾ, ನಾನು 14 ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ನಿಮ್ಮ ಪೋಸ್ಟ್ ಓದಿ ಸುಮ್ಮನಿರಲು ಆಗಲಿಲ್ಲ.

ನಾವು ಕಾಲೇಜಿನಲ್ಲಿ ಮೊದಲು ಕಲಿಯುವ ಎರಡು ಕರೆಂಟ್ ಅಂದರೆ ಫ್ಯಾರಡಿಕ್ ಮತ್ತು ಗ್ಯಾಲ್ವನಿಕ್. ಒಂದು ಫ್ಯಾರಡೆ ಹೆಸರು, ಇನ್ನೊಂದು ಕಪ್ಪೆ ಕಾಲಿನ ಪ್ರಯೋಗ ಮಾಡಿದ ಇಟಲಿಯ ಲುಯಿಜಿ ಗ್ಯಾಲ್ವಾನಿಯ ಹೆಸರು. ನಿಮ್ಮ ಪೆಟ್ಟಿಗೆ ಕೊಡುವುದು ಹೆಚ್ಚು ಕಡಿಮೆ ಫ್ಯಾರಡಿಕ್ ಥರದ್ದೇ. ತೀರಾ ಚಿಕ್ಕ ಚಿಕ್ಕ ಮಿಡಿತಗಳು, ಒಂದರ ಹಿಂದೆ ಒಂದು. ನಾವು ಕರೆಂಟ್ ಕೊಡಲು ಬಳಸುವ ಇಂದಿನ ಸ್ಟಿಮ್ಯುಲೇಟರ್ ಯಂತ್ರದಲ್ಲಿ ಒಂದೊಂದು ಮಿಡಿತ ಒಂದು ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಹೊತ್ತು ಇರುತ್ತದೆ. ಸೆಕೆಂಡಿಗೆ 50ರಿಂದ 100.

ಇಷ್ಟು ಚಿಕ್ಕ ಮಿಡಿತ ಸ್ನಾಯುವನ್ನು ನೇರವಾಗಿ ಎಬ್ಬಿಸುವುದಿಲ್ಲ. ಅದು ನರವನ್ನು ಎಬ್ಬಿಸುತ್ತದೆ, ನರ ಸ್ನಾಯುವನ್ನು ಎಳೆಸುತ್ತದೆ. ನರವೇ ಸತ್ತಿದ್ದರೆ ಫ್ಯಾರಡಿಕ್ ಕೊಟ್ಟರೂ ಏನೂ ಆಗುವುದಿಲ್ಲ. ಆಗ ಗ್ಯಾಲ್ವನಿಕ್‌ನ ಉದ್ದ ಮಿಡಿತ ಬೇಕು, 100 ಮಿಲಿಸೆಕೆಂಡ್ ಇದ್ದ ಹಾಗೆ. ಜರ್ಮನಿಯ ವಿಲ್ಹೆಲ್ಮ್ ಎರ್ಬ್ 1860ರ ದಶಕದಲ್ಲಿ ಇದನ್ನೇ ಪರೀಕ್ಷೆಯಾಗಿ ಮಾಡಿಕೊಂಡರು. ಒಂದು ಕರೆಂಟಿಗೆ ಸ್ನಾಯು ಕದಲುತ್ತದೆ, ಇನ್ನೊಂದಕ್ಕೆ ಇಲ್ಲ ಅಂದರೆ ನರ ಕೆಟ್ಟಿದೆ ಎಂದು ಅರ್ಥ. ವಾಸಿ ಮಾಡಲು ಹುಟ್ಟಿದ ಪೆಟ್ಟಿಗೆ ರೋಗ ಎಲ್ಲಿದೆ ಎಂದು ಹುಡುಕುವ ಉಪಕರಣವಾಯಿತು. ನನಗೆ ಈ ಇತಿಹಾಸದಲ್ಲಿ ಅತಿ ಇಷ್ಟವಾದ ಭಾಗ ಇದು.

ಈಗ ನಿಮ್ಮ ಅಪ್ಪನ ವಿಷಯ. ಲಕ್ವದಲ್ಲಿ ಪೆಟ್ಟು ಬೀಳುವುದು ಮೆದುಳಿಗೆ. ಕೈಯ ನರ, ಕೈಯ ಸ್ನಾಯು ಎರಡೂ ಸರಿಯಾಗಿಯೇ ಇರುತ್ತವೆ. ಹಾಗಾಗಿ ಕರೆಂಟ್ ಇಟ್ಟರೆ ಬೆರಳು ಕುಣಿಯಲೇಬೇಕು. ಅದು ವಾಸಿಯ ಗುರುತಲ್ಲ. ಮೊದಲ ದಿನವೂ ಕುಣಿಯುತ್ತದೆ, ನೂರನೇ ದಿನವೂ ಕುಣಿಯುತ್ತದೆ. ಬೇಕಾಗಿರುವುದು ಮೆದುಳಿನಿಂದ ಬರುವ ಅಪ್ಪಣೆ. ಅದಕ್ಕೆ ಅವರೇ ಮನಸ್ಸಿಟ್ಟು ಕೈ ಎತ್ತಲು ಪ್ರಯತ್ನಪಡಬೇಕು, ದಿನಾ, ನೂರಾರು ಸಲ. ಆ ಪ್ರಯತ್ನದ ಜೊತೆಗೆ ಕರೆಂಟ್ ಕೊಟ್ಟರೆ ಕೆಲವರಿಗೆ ಅನುಕೂಲ ಉಂಟು. ಸುಮ್ನೆ ಮಲಗಿಸಿ ಪ್ಯಾಡ್ ಅಂಟಿಸಿ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಒದ್ದೆ ಸ್ಪಂಜಿನ ಬಗ್ಗೆಯೂ ಹೇಳಲೇಬೇಕು. ಫ್ರಾನ್ಸಿನಲ್ಲಿ ಡುಶೆನ್ ಎಂಬ ವೈದ್ಯರಿದ್ದರು. ಮೈಗೆ ಕರೆಂಟ್ ಹಾಯಿಸುವ ತುದಿಯನ್ನು, ಅಂದರೆ ಎಲೆಕ್ಟ್ರೋಡನ್ನು, ಒದ್ದೆ ಮಾಡಿ ಚರ್ಮಕ್ಕೆ ಒತ್ತಿದರೆ ಕೆಳಗಿನ ಒಂದೇ ಒಂದು ಸ್ನಾಯುವನ್ನು ಬೇರೆ ಮಾಡಿ ಎಳೆಸಬಹುದು ಎಂದು ಕಂಡುಕೊಂಡರು. 1855ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕ ಬರೆದರು. ಅದಕ್ಕೂ ಮೊದಲು ಸೂಜಿ ಚುಚ್ಚಿ ಕರೆಂಟ್ ಹಾಯಿಸುವ ಪದ್ಧತಿಯೂ ಇತ್ತು. ಸ್ವಲ್ಪ ನೀರು ಎಷ್ಟು ನೋವು ಉಳಿಸಿತು ನೋಡಿ. ನಾನು ಇವತ್ತು ಬೆಳಿಗ್ಗೆಯೂ ಸ್ಪಂಜು ಒದ್ದೆ ಮಾಡಿಯೇ ಕೆಲಸ ಶುರು ಮಾಡಿದ್ದು.

ಹಾಸನದ ಹುಡುಗ, ಲೀಡ್ಸ್

'ನೂರನೇ ದಿನವೂ ಕುಣಿಯುತ್ತದೆ.' ಈ ಒಂದು ಮಾತನ್ನು ಆಗ ಯಾರಾದರೂ ಹೇಳಿದ್ದರೆ ಅಂತ ಅನ್ನಿಸುತ್ತಿದೆ. ಮೂರು ತಿಂಗಳು ಆಟೋ ಮಾಡಿಕೊಂಡು ಹೋಗಿ ಬಂದೆವು. ಮನೆಯಲ್ಲಿ ಕೈ ಆಡಿಸಿ ಅಂತ ಯಾರೂ ಹೇಳಿಕೊಡಲಿಲ್ಲ. ಕರೆಂಟ್ ನೋಡಿಕೊಳ್ಳುತ್ತದೆ ಅಂದುಕೊಂಡೆವು.

ಗ್ರಂಥಾಲಯದ ಅಕ್ಕ, ಮೈಸೂರು

ನಿಮ್ಮ ಅಪ್ಪನ ಕಥೆ ಓದಿದಾಗ 1757ರ ಒಂದು ಕಾಗದ ನೆನಪಾಯಿತು. ಬೆಂಜಮಿನ್ ಫ್ರಾಂಕ್ಲಿನ್ ಬರೆದದ್ದು. ಮಿಂಚೂ ವಿದ್ಯುತ್ತೇ ಎಂದು ತೋರಿಸಲು ಗಾಳಿಪಟ ಹಾರಿಸಿದ ಅಮೆರಿಕದ ಫ್ರಾಂಕ್ಲಿನ್ ಅವರೇ.

ಆಗಿನ್ನೂ ನಿಮ್ಮ ಪೆಟ್ಟಿಗೆ ಇರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಇದ್ದದ್ದು ಎರಡೇ. ತಿರುಗುವ ಗಾಜನ್ನು ಉಜ್ಜಿ ಕಿಡಿ ಹುಟ್ಟಿಸುವ ಯಂತ್ರ ಒಂದು, ಆ ವಿದ್ಯುತ್ತನ್ನು ತುಂಬಿಡುವ ಲೇಡನ್ ಜಾಡಿ ಇನ್ನೊಂದು. ಜಾಡಿ ಅಂದರೆ ನಮ್ಮ ಉಪ್ಪಿನಕಾಯಿ ಭರಣಿಯಂತೆಯೇ, ಆದರೆ ಗಾಜಿನದು, ಒಳಗೂ ಹೊರಗೂ ಲೋಹದ ತಗಡು ಹೊದಿಸಿದ್ದು. 1745-46ರ ಹೊತ್ತಿಗೆ ಅದು ಬಂದಿತ್ತು. ವಿದ್ಯುತ್ತಿನಿಂದ ಲಕ್ವ ವಾಸಿಯಾಗುತ್ತದೆ ಎಂಬ ಸುದ್ದಿ ಯೂರೋಪಿನಿಂದ ಅಮೆರಿಕಕ್ಕೂ ಹಬ್ಬಿತು. ಜನ ದೂರದೂರಿಂದ ಫ್ರಾಂಕ್ಲಿನ್ ಮನೆಗೆ ಬರತೊಡಗಿದರು. ಅವರು ವೈದ್ಯರಲ್ಲ. ಆದರೂ ಬಂದವರನ್ನು ವಾಪಸ್ ಕಳಿಸಲಿಲ್ಲ.

ರೋಗಿಯನ್ನು ನೆಲಕ್ಕೆ ಕರೆಂಟ್ ಇಳಿಯದಂಥ ಸ್ಟೂಲಿನ ಮೇಲೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬಿದ್ದುಹೋದ ಕೈಕಾಲಿನಿಂದ ಕಿಡಿ ಎಳೆಯುತ್ತಿದ್ದರು. ಆಮೇಲೆ 6 ಗ್ಯಾಲನ್ ಹಿಡಿಸುವ ಎರಡು ದೊಡ್ಡ ಜಾಡಿಗಳನ್ನು ತುಂಬಿ, ಎರಡರ ಶಾಕನ್ನೂ ಒಟ್ಟಿಗೆ ಆ ಅಂಗದ ಮೂಲಕ ಹಾಯಿಸುತ್ತಿದ್ದರು. ದಿನಕ್ಕೆ ಮೂರು ಸಲ.

ಮೊದಲು ಕೈ ಬೆಚ್ಚಗಾಯಿತಂತೆ. ಮಂಡಿಯ ಮೇಲಿಂದ ಕೈ ಎತ್ತಲಾಗದವನು ಮಾರನೇ ದಿನ ನಾಲ್ಕೈದು ಅಂಗುಲ ಎತ್ತಿದ. ಮೂರನೇ ದಿನ ಇನ್ನೂ ಮೇಲೆ. ಐದನೇ ದಿನ ಬಲವಿಲ್ಲದ ಕೈಯಿಂದಲೇ ನಿಧಾನವಾಗಿ ತಲೆಯ ಟೋಪಿ ತೆಗೆದ. ಮನೆಮಂದಿಗೆ ಎಷ್ಟು ಸಂತೋಷವಾಗಿರಬೇಕು ಯೋಚಿಸಿ. ಆದರೆ ಐದನೇ ದಿನದ ನಂತರ ಯಾರೂ ಮುಂದೆ ಸುಧಾರಿಸಿದ್ದನ್ನು ತಾನು ನೋಡಲಿಲ್ಲ ಎಂದು ಫ್ರಾಂಕ್ಲಿನ್ ಬರೆಯುತ್ತಾರೆ. ರೋಗಿಗಳು ಬೇಸರಗೊಂಡು ಊರಿಗೆ ಹೋದರು. ಸ್ವಲ್ಪ ದಿನಕ್ಕೆ ಮೊದಲಿನಂತೆಯೇ ಆದರು. ಲಕ್ವದಲ್ಲಿ ವಿದ್ಯುತ್ತಿನಿಂದ ಶಾಶ್ವತ ಲಾಭ ಆದದ್ದು ತನಗೆ ಗೊತ್ತಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಆಮೇಲಿನ ಮಾತು ಇನ್ನೂ ದೊಡ್ಡದು. ಆ ನಾಲ್ಕು ದಿನದ ಲಾಭವೂ ವಿದ್ಯುತ್ತಿನದೋ, ಅಥವಾ ದಿನಾ ತನ್ನ ಮನೆಗೆ ನಡೆದು ಬಂದ ವ್ಯಾಯಾಮದ್ದೋ, ವಾಸಿಯಾಗುತ್ತದೆ ಎಂಬ ಆಸೆ ಕೊಟ್ಟ ಹುರುಪಿನದ್ದೋ ತಾನು ಹೇಳಲಾರೆ ಎನ್ನುತ್ತಾರೆ.

ಹೆಸರು ಮಾಡಿದ್ದ ಮನುಷ್ಯ. ವಿದ್ಯುತ್ ಅಂದರೆ ಅವರೇ ಎಂಬ ಕಾಲ. ಗುಣವಾಯಿತು ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಆಗಲಿಲ್ಲ ಎಂದು ಬರೆದರು. ಆ ಕಾಗದಕ್ಕೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ನಮಸ್ಕಾರ ಮಾಡಿದ್ದೇನೆ.

ಬಿಸಿಲೂರಿನವ, ರಾಯಚೂರು

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸುವುದು ಒಂದೇ. ಎಲ್ಲ ಮೋಸ. ಅಂದೂ ಮೋಸ, ಇಂದೂ ಮೋಸ. ಟಿವಿಯಲ್ಲಿ ಮಾರುವ ಸೊಂಟದ ಬೆಲ್ಟಿಗೂ ಇದಕ್ಕೂ ಏನು ವ್ಯತ್ಯಾಸ?

ಗ್ರಂಥಾಲಯದ ಅಕ್ಕ, ಮೈಸೂರು

ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ಎಲ್ಲರನ್ನೂ ಒಂದೇ ಗೋಣಿಗೆ ತುಂಬಬೇಡಿ.

ಇಂಗ್ಲೆಂಡಿನ ಜಾನ್ ವೆಸ್ಲಿಯನ್ನು ನೋಡಿ. ಮೆಥಡಿಸ್ಟ್ ಪಂಥ ಕಟ್ಟಿದ ಪಾದ್ರಿ. 1756ರಿಂದ ಲಂಡನ್ನಿನಲ್ಲಿ ಬಡವರಿಗೆ ವಿದ್ಯುತ್ ಚಿಕಿತ್ಸೆ ಕೊಡಿಸಿದರು. 1760ರಲ್ಲಿ ಅದರ ಮೇಲೆ ಪುಸ್ತಕವನ್ನೂ ತಂದರು. ದೊಡ್ಡ ಶಾಕ್ ಬೇಡ, ಸಣ್ಣ ಸಣ್ಣದನ್ನು ಹಲವು ಸಲ ಕೊಡಿ ಎಂದು ಎಚ್ಚರಿಸಿದರು. ಗುಣವಾಗುತ್ತದೆ ಎಂದು ಅವರು ನಂಬಿದ್ದು ತಪ್ಪಿರಬಹುದು. ಮೋಸ ಅಲ್ಲ. ಅವರ ಯಂತ್ರ ಇಂದಿಗೂ ಲಂಡನ್ನಿನ ಸಿಟಿ ರೋಡಿನಲ್ಲಿ ಅವರ ಮನೆಯಲ್ಲಿದೆ.

ಮೋಸ ಅನ್ನಬೇಕಾದವೂ ಇದ್ದವು, ಒಪ್ಪುತ್ತೇನೆ. 1890ರ ದಶಕದಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಹಾರ್ನೆಸ್ ಎಂಬಾತ 'ಎಲೆಕ್ಟ್ರೋಪತಿಕ್' ಬೆಲ್ಟ್ ಮಾರಿ, ಕೊನೆಗೆ ಕೋರ್ಟು ಹತ್ತಿದ. ಅದಕ್ಕೂ ಮೊದಲು ಪುಲ್ವರ್ಮಾಕರ್ ಸರಪಳಿ ಬಂದಿತ್ತು. ಮರದ ಸಣ್ಣ ಕಡ್ಡಿಗಳಿಗೆ ತಾಮ್ರ ಮತ್ತು ಸತುವಿನ ತಂತಿ ಸುತ್ತಿ ಪೋಣಿಸಿದ್ದು, ವಿನೆಗರಿನಲ್ಲಿ ಅದ್ದಿ ಮೈಗೆ ಕಟ್ಟಿಕೊಳ್ಳುವುದು. ಅದರಲ್ಲಿ ಕರೆಂಟ್ ನಿಜವಾಗಿಯೂ ಹುಟ್ಟುತ್ತಿತ್ತು. ಅದರ ಹೆಸರಿನಲ್ಲಿ ಹೇಳಿದ ರೋಗಗಳ ಪಟ್ಟಿಯೇ ಸುಳ್ಳು.

ಆದರೆ ಮೋಸ ಅಂತ ಸಾಬೀತು ಮಾಡುವುದು ಹೇಗೆ? ಇದಕ್ಕೆ 1799ರಲ್ಲಿ ಬಾತ್ ಊರಿನ ಜಾನ್ ಹೇಗಾರ್ತ್ ಎಂಬ ವೈದ್ಯರು ಮಾಡಿದ್ದನ್ನು ಕೇಳಿ. ಆಗ ಪರ್ಕಿನ್ಸ್ ಎಂಬ ಅಮೆರಿಕದ ವೈದ್ಯನ ಲೋಹದ ಕಡ್ಡಿಗಳಿಗೆ ಭಾರೀ ಬೇಡಿಕೆ. ಎರಡು ಬೇರೆ ಲೋಹದ, ಸುಮಾರು ಮೂರು ಅಂಗುಲದ ಚೂಪು ಕಡ್ಡಿಗಳು. ನೋವಿರುವ ಕಡೆ ಎಳೆದರೆ ಕೆಟ್ಟ ವಿದ್ಯುತ್ ಹೊರಗೆ ಹೋಗುತ್ತದೆ ಎಂಬ ಮಾತು. ಹೇಗಾರ್ತ್ ಅದೇ ಆಕಾರದಲ್ಲಿ ಮರದ ಕಡ್ಡಿ ಮಾಡಿಸಿದರು, ಲೋಹದಂತೆಯೇ ಕಾಣುವ ಬಣ್ಣ ಹಾಕಿಸಿದರು. ಬಹಳ ಕಾಲದಿಂದ ವಾತದ ನೋವಿದ್ದ 5 ಜನರಿಗೆ ಮೊದಲ ದಿನ ಮರದ್ದನ್ನು ಎಳೆದರು. 4 ಜನ ನೋವು ಕಡಿಮೆಯಾಯಿತು ಎಂದರು. ಮಾರನೇ ದಿನ ನಿಜವಾದ ಲೋಹದ್ದನ್ನು ಎಳೆದರು. ಹೆಚ್ಚು ಕಡಿಮೆ ಅಷ್ಟೇ ಫಲ.

ಆ 4 ಜನ ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೇ ಹಿತವಾಯಿತು. ಹಿತ ಕೊಟ್ಟದ್ದು ಲೋಹ ಅಲ್ಲ ಅನ್ನುವುದಷ್ಟೇ ಗೊತ್ತಾಯಿತು. ಇವತ್ತು ಹೊಸ ಔಷಧಿಯನ್ನು ಪರೀಕ್ಷಿಸುವಾಗ ಒಂದು ಗುಂಪಿಗೆ ಸಕ್ಕರೆ ಮಾತ್ರೆ ಕೊಡುವುದೂ ಇದೇ ದಾರಿ.

ಬಿಸಿಲೂರಿನವ, ರಾಯಚೂರು

ಮರದ ಕಡ್ಡಿಯ ವಿಷಯ ಗೊತ್ತಿರಲಿಲ್ಲ ಅಕ್ಕಾ. ನನ್ನ ಅಜ್ಜಿ ಮಂಡಿನೋವಿಗೆ ಒಂದು ಮೆಷಿನ್‌ಗೆ ಬಹಳ ದುಡ್ಡು ಕೊಟ್ಟಿದ್ದರು, ಆ ಸಿಟ್ಟಿನಲ್ಲಿ ಬರೆದೆ. 'ಮೋಸ' ಅಂತ ಎಲ್ಲಕ್ಕೂ ಅಂದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಬ್ಯೂಟಿಷಿಯನ್, ತುಮಕೂರು

ನಾನು ಪಾರ್ಲರ್ ಇಟ್ಟಿದ್ದೇನೆ. ಗ್ಯಾಲ್ವನಿಕ್ ಫೇಶಿಯಲ್ ಅಂತ ದಿನಾ ಹೇಳುತ್ತೇನೆ, ಅದು ಒಬ್ಬ ಮನುಷ್ಯನ ಹೆಸರು ಅಂತ ಇವತ್ತೇ ಗೊತ್ತಾದದ್ದು! ನಮ್ಮಲ್ಲಿ 'ಹೈ ಫ್ರೀಕ್ವೆನ್ಸಿ' ಅಂತ ಇನ್ನೊಂದು ಮೆಷಿನ್ ಇದೆ. ಗಾಜಿನ ಕೊಳವೆ, ಮುಖಕ್ಕೆ ಹಿಡಿದರೆ ನೇರಳೆ ಬೆಳಕು ಬರುತ್ತದೆ, ಚಿಟಚಿಟ ಅನ್ನುತ್ತದೆ. ಅದೂ ಹಳೇ ಕಾಲದ್ದೇನಾ?

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಹೌದಮ್ಮಾ, ಅದರ ಅಜ್ಜನ ಹೆಸರು 'ವೈಲೆಟ್ ರೇ'. 1890ರ ದಶಕದಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ಒಂದು ವಿಷಯ ತೋರಿಸಿದರು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುವ ಕರೆಂಟ್ ಮೈಯಲ್ಲಿ ಹರಿದರೂ ಸ್ನಾಯು ಕದಲುವುದಿಲ್ಲ, ನೋವಾಗುವುದಿಲ್ಲ, ಸುಮ್ಮನೆ ಬೆಚ್ಚಗಾಗುತ್ತದೆ. ನರಕ್ಕೆ ಅಷ್ಟು ವೇಗ ಹಿಡಿಯಲು ಆಗುವುದಿಲ್ಲ. ಇದನ್ನೇ ಹಿಡಿದು 1910ರ ಸುಮಾರಿನಿಂದ ಅಮೆರಿಕದಲ್ಲಿ ಸೂಟ್‌ಕೇಸಿನಲ್ಲಿ ಗಾಜಿನ ಕೊಳವೆಗಳನ್ನು ಜೋಡಿಸಿ ಮಾರಿದರು. ತಲೆಗೂದಲು ಉದುರುವುದರಿಂದ ಹಿಡಿದು ಎಲ್ಲಕ್ಕೂ ಮದ್ದು ಎಂದರು. ಸರ್ಕಾರ ಆಮೇಲೆ ಅದನ್ನು ತಡೆಯಿತು. ನೇರಳೆ ಬೆಳಕು ಒಳಗೆ ಸ್ವಲ್ಪವೇ ಉಳಿದ ಗಾಳಿ ಹೊಳೆಯುವುದರಿಂದ ಬರುತ್ತದೆ. ಗರ್ಭಿಣಿಯರಿಗೆ, ಪೇಸ್‌ಮೇಕರ್ ಇದ್ದವರಿಗೆ ಬಳಸಬೇಡಿ.

ಅದೇ ಹೈ ಫ್ರೀಕ್ವೆನ್ಸಿ ಕರೆಂಟ್ ಒಂದು ಕಡೆ ನಿಜವಾಗಿ ಲೋಕಕ್ಕೆ ಉಪಕಾರ ಮಾಡಿತು. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಹಾರ್ವೆ ಕುಶಿಂಗ್ ಎಂಬ ಮೆದುಳಿನ ಸರ್ಜನ್, ವಿಲಿಯಂ ಬೋವಿ ಮಾಡಿದ, ಕರೆಂಟಿನಿಂದಲೇ ಮಾಂಸ ಕತ್ತರಿಸಿ ರಕ್ತ ನಿಲ್ಲಿಸುವ ಯಂತ್ರ ಬಳಸಿ ಆಪರೇಷನ್ ಮಾಡಿದರು. ರಕ್ತಸ್ರಾವದ ಭಯಕ್ಕೆ ಮೂರು ದಿನ ಮೊದಲು ಅರ್ಧಕ್ಕೇ ನಿಲ್ಲಿಸಿದ್ದ ಗಡ್ಡೆಯನ್ನು ಅಂದು ತೆಗೆದರು. ಇಂದು ನಮ್ಮ ತಾಲೂಕು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿರುವ ಕಾಟರಿ ಮೆಷಿನ್ ಅದರ ವಂಶದ್ದೇ.

ನರ್ಸ್, ಧಾರವಾಡ

ಎಲ್ಲಾರೂ ಒಂದು ಮಾತು ಬಿಟ್ಟೀರಿ. ನಮ್ಮ ಜನಕ್ಕೆ 'ಕರೆಂಟ್ ಚಿಕಿತ್ಸೆ' ಅಂದರೆ ಫಿಸಿಯೋ ನೆನಪಾಗುವುದಿಲ್ಲ ರೀ. ತಲೆಗೆ ಶಾಕ್ ಕೊಡುವುದೇ ನೆನಪಾಗುವುದು. ನಾನು ಮಾನಸಿಕ ರೋಗಿಗಳ ವಾರ್ಡಿನಲ್ಲಿ 20 ವರ್ಷ ಕೆಲಸ ಮಾಡಿದ್ದೇನೆ. ಇಸಿಟಿ, ಅಂದರೆ ಆ ತಲೆಗೆ ಶಾಕ್ ಕೊಡುವ ಚಿಕಿತ್ಸೆ, ಅಂದಕೂಡಲೇ ಮನೆಯವರು ಅಳಲು ಶುರು ಮಾಡುತ್ತಾರೆ. ಸಿನಿಮಾದಲ್ಲಿ ಕೈಕಾಲು ಕಟ್ಟಿ ಶಿಕ್ಷೆ ಕೊಡುವುದನ್ನೇ ನೋಡಿರುತ್ತಾರೆ. ಈ ಭಯ ಎಲ್ಲಿಂದ ಬಂತು, ಅಕ್ಕಾರ ಗೊತ್ತಿದ್ದರೆ ಹೇಳಿರಿ.

ಗ್ರಂಥಾಲಯದ ಅಕ್ಕ, ಮೈಸೂರು

ಭಯಕ್ಕೆ ಕಾರಣ ಇದೆ. ಇದನ್ನು ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಗುಂಡಿನ ಗಾಯ ಇಲ್ಲದೆಯೇ ಸಾವಿರಾರು ಸೈನಿಕರು ಮೂಕರಾದರು. ಕೆಲವರ ಬೆನ್ನು ಬಾಗಿ ನಿಂತಿತು, ಕೆಲವರ ಕೈಕಾಲು ನಿಂತುಹೋಯಿತು. ಕಂಡದ್ದನ್ನು ಮನಸ್ಸು ತಡೆದುಕೊಂಡಿರಲಿಲ್ಲ. ಸೇನೆಗೆ ಅವರು ಮತ್ತೆ ಬೇಕಾಗಿತ್ತು. ಆಗ ಈ ಫ್ಯಾರಡಿಕ್ ಯಂತ್ರಗಳನ್ನೇ ಹೊರತೆಗೆದರು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯ ಲೂಯಿಸ್ ಯೆಲ್ಯಾಂಡ್ 1918ರಲ್ಲಿ ತಾನೇ ಬರೆದ ಪುಸ್ತಕದಲ್ಲಿ ಒಬ್ಬ ಮೂಕನಾದ ಸೈನಿಕನ ಕಥೆ ಇದೆ. ಕತ್ತಲೆ ಕೋಣೆ, ಬಾಗಿಲಿಗೆ ಬೀಗ. ಮಾತಾಡುವವರೆಗೆ ಹೊರಗೆ ಹೋಗುವಂತಿಲ್ಲ ಎಂಬ ಅಪ್ಪಣೆ. ಗಂಟಲಿಗೆ ಕರೆಂಟ್. ಸುಮಾರು ನಾಲ್ಕು ಗಂಟೆ. ಆತ ಮಾತಾಡಿದ. ಇದನ್ನು ಯಶಸ್ಸು ಎಂದು ಬರೆದುಕೊಂಡರು.

ಫ್ರಾನ್ಸಿನ ಟೂರ್ ಊರಿನಲ್ಲಿ ಕ್ಲೊವಿಸ್ ವಿನ್ಸೆಂಟ್ ಎಂಬ ವೈದ್ಯ ಇದೇ ಕೆಲಸ ಇನ್ನೂ ಜೋರಾದ ಕರೆಂಟಿನಿಂದ ಮಾಡುತ್ತಿದ್ದರು. 1916ರಲ್ಲಿ ಬ್ಯಾಪ್ಟಿಸ್ಟ್ ಡೆಶಾಂಪ್ ಎಂಬ ಬೆನ್ನು ಬಾಗಿದ ಸೈನಿಕ ಬೇಡ ಎಂದ. ವೈದ್ಯರು ಕೇಳಲಿಲ್ಲ. ಆತ ಗುದ್ದಿಬಿಟ್ಟ. ಸೇನಾ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. 6 ತಿಂಗಳ ಶಿಕ್ಷೆ ಹೇಳಿ ಅದನ್ನೂ ಅಮಾನತಿನಲ್ಲಿಟ್ಟರು. ರೋಗಿಗೆ ಬೇಡ ಅನ್ನುವ ಹಕ್ಕು ಇದೆಯೇ ಎಂದು ಫ್ರೆಂಚ್ ಪತ್ರಿಕೆಗಳು ಜೋರಾಗಿ ಚರ್ಚೆ ಮಾಡಿದವು. ಯುದ್ಧ ಮುಗಿದ ಮೇಲೆ, 1920ರಲ್ಲಿ, ವಿಯೆನ್ನಾದಲ್ಲೂ ವಾಗ್ನರ್ ಯೌರೆಗ್ ಎಂಬ ದೊಡ್ಡ ವೈದ್ಯರ ಮೇಲೆ ಇದೇ ದೂರಿನ ವಿಚಾರಣೆ ಆಯಿತು. ಅವರ ತಪ್ಪಿಲ್ಲ ಎಂದು ತೀರ್ಮಾನವಾಯಿತು.

ಹಾಸನದವರೇ, ನಿಮ್ಮ ಪೆಟ್ಟಿಗೆಯ ಚೀಟಿಯ ಸಾಲನ್ನು ಇದರ ಪಕ್ಕದಲ್ಲಿಟ್ಟು ಓದಿ. ಯಂತ್ರದ ತತ್ವ ಒಂದೇ. ಗುಂಡಿಯೂ ಅದೇ. ಹಿತವೋ ಇಲ್ಲವೋ ಎಂದು ಕೇಳುವುದನ್ನು ಮಾತ್ರ ಬಿಟ್ಟುಬಿಟ್ಟರು.

ನರ್ಸ್, ಧಾರವಾಡ

ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು ಅಕ್ಕಾರ. ಇಸಿಟಿಯ ಶುರುವಿನಲ್ಲೂ ಅಂಥದ್ದೊಂದು ಉಂಟು. 1938ರ ಏಪ್ರಿಲ್‌ನಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲ ಸಲ ಮನುಷ್ಯನಿಗೆ ಕೊಟ್ಟರು. ರೈಲ್ವೆ ಸ್ಟೇಷನ್ನಿನಲ್ಲಿ ದಿಕ್ಕು ತಪ್ಪಿ ಅಲೆಯುತ್ತಿದ್ದ ಒಬ್ಬನನ್ನು ಪೊಲೀಸರು ತಂದಿದ್ದರು. ಮೊದಲ ಶಾಕ್ ಸಾಲಲಿಲ್ಲ. ಇನ್ನೊಂದು ಬೇಡ ಎಂದು ಆತ ಹೇಳಿದ್ದನ್ನು ಚೆರ್ಲೆಟ್ಟಿ ತಾವೇ ಬರೆದಿದ್ದಾರೆ. ಆದರೂ ಕೊಟ್ಟರು. ಆತ ಸುಧಾರಿಸಿದ್ದೂ ನಿಜ.

ಆಗ ಅರಿವಳಿಕೆ ಇರಲಿಲ್ಲ. ಮೈ ಹಿಂಡಿ ಮೂಳೆ ಮುರಿದವರಿದ್ದರು. 1950ರ ದಶಕದಿಂದ ಅರಿವಳಿಕೆ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಇಂಜೆಕ್ಷನ್ ಬಂದವು. ಇಂದು ನಮ್ಮ ರೋಗಿ ನಿದ್ದೆಯಲ್ಲಿರುತ್ತಾನೆ. ಬಾಯಲ್ಲಿ ಹಲ್ಲು ಕಾಯಲು ಮೆತ್ತನೆ ಅಡ್ಡ. ಮೈ ಕುಣಿಯುವುದಿಲ್ಲ, ಕಾಲಿನ ಬೆರಳು ಸ್ವಲ್ಪ ಅದುರಬಹುದು. ಕರೆಂಟ್ ಕೆಲವೇ ಸೆಕೆಂಡ್. ಸ್ವಲ್ಪ ದಿನದ ನೆನಪು ಮಸುಕಾಗುವುದುಂಟು, ಅದನ್ನು ಮುಚ್ಚಿಡಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತೆಯೇ ಇಲ್ಲ. ಮಕ್ಕಳಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಜೊತೆ ಆ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಮಂಡಳಿಯ ಅನುಮತಿಯೂ ಬೇಕು.

ಅಕ್ಕಾರ ಮರದ ಕಡ್ಡಿ ಕಥೆ ಹೇಳಿದರಲ್ಲ, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1982ರಲ್ಲಿ ಪ್ರಕಟಿಸಿದ ಅಧ್ಯಯನ ಅದೇ ಥರದ್ದು. ತೀವ್ರ ಖಿನ್ನತೆಯ ಒಂದು ಗುಂಪಿಗೆ ನಿಜವಾದ ಇಸಿಟಿ, ಜೊತೆಗೆ ಔಷಧವಿಲ್ಲದ ಮಾತ್ರೆ. ಇನ್ನೊಂದು ಗುಂಪಿಗೆ ಇಮಿಪ್ರಮೀನ್ ಎಂಬ ನಿಜವಾದ ಮಾತ್ರೆ, ಜೊತೆಗೆ ಕರೆಂಟ್ ಹಾಯಿಸದ ಇಸಿಟಿ. ಯಾರಿಗೆ ಯಾವುದು ಸಿಕ್ಕಿತು ಎಂದು ಫಲ ತೂಗಿ ನೋಡುವವರಿಗೂ ಗೊತ್ತಿರಲಿಲ್ಲ. ಹೀಗೆ ಪರೀಕ್ಷಿಸಿ ಉಳಿದ ಚಿಕಿತ್ಸೆ ಇದು ರೀ. ಅನ್ನ ನೀರು ಬಿಟ್ಟು ಮಲಗಿದವರು ಎದ್ದು ಕೂತು ಚಹಾ ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೆಸರು ಬೇಡ

ಸುಮ್ಮನೆ ಓದುತ್ತಿದ್ದೆ. ನನ್ನ ಅಮ್ಮನಿಗೆ ಹೆರಿಗೆಯ ನಂತರ, ತಮ್ಮ ಹುಟ್ಟಿದಾಗ, ಇಸಿಟಿ ಕೊಟ್ಟಿದ್ದರು. ಮನೆಯಲ್ಲಿ ಯಾರೂ ಅದರ ಮಾತೇ ಎತ್ತುವುದಿಲ್ಲ. ನರ್ಸ್ ಅಕ್ಕಾ, ಇವತ್ತು ಅಮ್ಮನ ಹತ್ತಿರ ಮೊದಲ ಸಲ ಕೇಳಿದೆ. 'ಅದಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಮಗಳೇ' ಅಂದರು. ಇಷ್ಟು ಹೇಳಬೇಕು ಅನ್ನಿಸಿತು.

ಕನ್ನಡತಿ, ಮಿನಿಯಾಪೊಲಿಸ್

ತಡವಾಗಿ ಬಂದೆ. ನಮ್ಮೂರಿನಲ್ಲಿ ಕೆರೆಯ ಪಕ್ಕ ಬ್ಯಾಕನ್ ಎಂಬ ಮ್ಯೂಸಿಯಂ ಇದೆ. ಹಾಸನದವರು ತೋರಿಸಿದಂಥ ಪೆಟ್ಟಿಗೆಗಳು, ಲೇಡನ್ ಜಾಡಿಗಳನ್ನು ಅಲ್ಲಿ ಕೂಡಿಟ್ಟಿದ್ದಾರೆ. ಕೂಡಿಟ್ಟದ್ದು ಅರ್ಲ್ ಬ್ಯಾಕನ್ ಎಂಬ ಇಂಜಿನಿಯರ್. ಅವರ ಕಥೆ ಈ ಚರ್ಚೆಯಲ್ಲಿ ಇರಲೇಬೇಕು.

1957ರಲ್ಲಿ ಪೇಸ್‌ಮೇಕರ್ ಅಂದರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ದೊಡ್ಡ ಪೆಟ್ಟಿಗೆ. ಹೃದಯದ ಆಪರೇಷನ್ ಆದ ಮಕ್ಕಳನ್ನು ವೈರಿನ ಉದ್ದಕ್ಕಿಂತ ದೂರ ಕರೆದುಕೊಂಡು ಹೋಗುವಂತಿರಲಿಲ್ಲ. ಅಕ್ಟೋಬರ್ 31ರಂದು ಊರಿನಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಯಿತು. ಸರ್ಜನ್ ವಾಲ್ಟನ್ ಲಿಲ್ಲಿಹೈ ಅವರು, ಬ್ಯಾಟರಿಯಲ್ಲಿ ನಡೆಯುವುದು ಮಾಡಿಕೊಡು ಎಂದು ಬ್ಯಾಕನ್ ಅವರನ್ನು ಕೇಳಿದರು. ಸಂಗೀತ ಕಲಿಯುವವರು ತಾಳಕ್ಕೆ ಇಟ್ಟುಕೊಳ್ಳುವ ಮೆಟ್ರೊನೋಮ್ ಇದೆಯಲ್ಲ, ಅದರ ಟ್ರಾನ್ಸಿಸ್ಟರ್ ಸರ್ಕ್ಯೂಟ್ ಒಂದು ಪತ್ರಿಕೆಯಲ್ಲಿ ಬಂದಿತ್ತು. ಬ್ಯಾಕನ್ ಅದನ್ನೇ ತಿದ್ದಿ ನಾಲ್ಕು ವಾರದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೇಸ್‌ಮೇಕರ್ ಮಾಡಿದರು. ನಾಯಿಯ ಮೇಲೆ ಪರೀಕ್ಷಿಸಲು ಕೊಟ್ಟು ಬಂದರು. ಮಾರನೇ ದಿನ ಆಸ್ಪತ್ರೆಗೆ ಹೋದರೆ ಅದು ಒಂದು ಮಗುವಿನ ಮೈಮೇಲೆ ಇತ್ತು. ಮಗುವನ್ನು ಉಳಿಸುವಂಥದ್ದು ಕೈಯಲ್ಲಿರುವಾಗ ಕಾಯಲು ಮನಸ್ಸಾಗಲಿಲ್ಲ ಎಂದರಂತೆ ಲಿಲ್ಲಿಹೈ.

ನನ್ನ ಅತ್ತೆಯ ಎದೆಯಲ್ಲಿ ಈಗ ಪೇಸ್‌ಮೇಕರ್ ಇದೆ. ಅವರು ಇಲ್ಲಿಗೆ ಬಂದಾಗ ಆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಮುಂದೆ ನಿಂತು ಸೆರಗಿನ ಮೇಲಿಂದ ಎದೆ ಮುಟ್ಟಿಕೊಂಡರು. ಏನೂ ಮಾತಾಡಲಿಲ್ಲ.

ಹಾಸನದ ಹುಡುಗ, ಲೀಡ್ಸ್

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಲಿ. ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಪೆಟ್ಟಿಗೆ ತೋರಿಸಿದೆ. ಚೀಟಿಯ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಜಾಸ್ತಿ ಉರಿಯುತ್ತಿತ್ತು ಕಣೋ. ಉರಿದರೇ ಬೇಗ ವಾಸಿ ಆಗೋದು ಅಂತ ಹಲ್ಲು ಕಚ್ಚಿಕೊಂಡಿರುತ್ತಿದ್ದೆ' ಅಂದರು. ಆರು ವರ್ಷದಲ್ಲಿ ಇದನ್ನು ಹೇಳಿರಲೇ ಇಲ್ಲ.

ಫಿಸಿಯೋ ಅವರೇ, ಇಷ್ಟು ವರ್ಷದ ಮೇಲೂ ವ್ಯಾಯಾಮದಿಂದ ಏನಾದರೂ ಪ್ರಯೋಜನ ಇದೆಯಾ? ಇನ್ನು ಮೇಷ್ಟ್ರೇ, ಚೀಟಿಯ ಒಂದು ಮೂಲೆ ಎದ್ದು ಬಂದಿದೆ. ಫೆವಿಕಾಲ್ ಹಾಕಿ ಅಂಟಿಸಲಾ?

ಫಿಸಿಯೋ, ದಾವಣಗೆರೆ

ಇದೆ ಅಣ್ಣಾ. ಮೊದಲ ತಿಂಗಳುಗಳಷ್ಟು ಬೇಗ ಅಲ್ಲ, ಆದರೆ ಇದೆ. ಭುಜ ಬಿಗಿಯದ ಹಾಗೆ, ಬೆರಳು ಮಡಚಿಕೊಳ್ಳದ ಹಾಗೆ ನೋಡಿಕೊಂಡರೆ ಅದೇ ದೊಡ್ಡ ಲಾಭ. ಅಪ್ಪನ ಕೈ ಎಷ್ಟು ಮೇಲೆ ಹೋಗುತ್ತದೆ, ಬೆರಳು ತಾವೇ ಬಿಚ್ಚುತ್ತಾರಾ ಅಂತ ಒಂದು ಸಣ್ಣ ವಿಡಿಯೋ ಮಾಡಿ ನನಗೆ ಬೇರೆಯಾಗಿ ಕಳಿಸಿ. ಹಾಸನದಲ್ಲಿ ಯಾರಿಗೆ ತೋರಿಸಬಹುದು ಅಂತಲೂ ಹೇಳುತ್ತೇನೆ. ಉರಿದರೆ 'ಸಾಕು' ಅನ್ನಬೇಕು ಅಂತ ಅವರಿಗೆ ನನ್ನ ಹೆಸರಿನಲ್ಲಿ ಹೇಳಿ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಫೆವಿಕಾಲ್ ಬೇಡವೇ ಬೇಡ. ಒಮ್ಮೆ ಹಿಡಿದರೆ ಬಿಡುವುದಿಲ್ಲ, ಮುಂದೆ ಕಾಗದ ಹಳದಿಯಾಗುತ್ತದೆ. ಗೋಧಿ ಗಂಜಿಯಿಂದ ಮಾಡಿದ ಅಂಟು ಒಳ್ಳೆಯದು, ಹಳೇ ಕಾಗದ ಉಳಿಸುವವರು ಬಳಸುವುದೂ ಅದನ್ನೇ. ಬೇಕೆಂದಾಗ ಸ್ವಲ್ಪ ನೀರು ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ತೀರಾ ತೆಳ್ಳಗೆ, ಸಣ್ಣ ಬ್ರಷ್‌ನಿಂದ ಮೂಲೆಗೆ ಮಾತ್ರ ಹಚ್ಚಿ. ಮೇಲೆ ಒಂದು ಒಣ ಕಾಗದ ಇಟ್ಟು ಪುಸ್ತಕದ ಭಾರ ಹೇರಿ ರಾತ್ರಿಯಿಡೀ ಬಿಡಿ. ಆ ಹಿತದ ಸಾಲಿನ ಮೇಲೆ ತೇವ ತಾಗದ ಹಾಗೆ ನೋಡಿಕೊಳ್ಳಿ.